ಸ್ವಂತ ಇಚ್ಛೆಯಿಂದ ಹತ್ತಿ ಬಿಡಿಸಿದ ಸಿಸ್ಟರಮ್ಮ

ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿನ ಸಿಸ್ಟರಮ್ಮ ಯಾರಿಗೂ ಹೆದರಿದವಳಲ್ಲ. ಊರಿನ ಅರ್ಧ ಜನ ಹುಟ್ಟಿದ ಮೇಲೆ ತಿಂದ ಮೊದಲ ಏಟು ಅವಳದೇ. ಅಳದ ಕೂಸಿನ ಬೆನ್ನಿಗೆ ಅವಳು ಒಂದು ಬಿಟ್ಟಳೆಂದರೆ ಪಕ್ಕದ ವಾರ್ಡಿನ ಮುದುಕರೂ ಎದ್ದು ಕೂರುತ್ತಿದ್ದರು. ಬಾಗಿಲಲ್ಲಿ ನಿಂತು ಗೋಳಾಡುವ ಗಂಡಂದಿರನ್ನು "ನೀವೇ ಹೆರ್ತೀರೇನ್ರಿ? ಹಾಗಿದ್ರೆ ಒಳಗೆ ಬಂದು ಮಲಗಿ" ಎಂದು ಗದರಿಸಿ ಬಿಸಿನೀರು ತರಲು ಅಟ್ಟುತ್ತಿದ್ದಳು. ನಾನು ಅದೇ ಆಸ್ಪತ್ರೆಯ ಕಾಂಪೌಂಡರ್. ಅವಳ ಬಾಯಿಗೆ ಸಿಕ್ಕಿ ಬೈಸಿಕೊಂಡವರಲ್ಲಿ ನನ್ನದೇ ಮೊದಲ ನಂಬರು, ಆದರೂ ಅವಳೆಂದರೆ ನನಗೆ ಪ್ರಾಣ.

ಹತ್ತಿ ಒಡೆಯುವ ಕಾಲ ಬಂತೆಂದರೆ, ದೇಶದಲ್ಲಿ ಇನ್ನು ಯಾರಿಗೂ ಕಾಯಿಲೆ ಬರುವುದಿಲ್ಲವೆಂದು ನಮ್ಮ ಸರ್ಕಾರಕ್ಕೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಮೇಷ್ಟ್ರುಗಳು, ಅಂಚೆಯವರು, ನರ್ಸುಗಳು, ಎಲ್ಲರನ್ನೂ ಬಸ್ಸಿಗೆ ತುಂಬಿ ಹತ್ತಿ ಬಿಡಿಸಲು ಹೊಲಕ್ಕೆ ಕಳಿಸುತ್ತಾರೆ. ವಾರ್ಡು ನೋಡಿಕೊಳ್ಳಲು ಒಬ್ಬ ಆಯಾ ಉಳಿದರೆ ಹೆಚ್ಚು. ಈ ಬಿಟ್ಟಿ ಚಾಕರಿಗೆ ಕೂಲಿಯಿಲ್ಲ. ಹೆಸರು ಮಾತ್ರ ದೊಡ್ಡದು, ರಾಷ್ಟ್ರಸೇವೆ. ಬರಲೇಬೇಕೆಂದು ಯಾರೂ ಹೇಳುವುದಿಲ್ಲ. ಬಾರದವರಿಗೆ ಮರುದಿನ ಕೆಲಸ ಇರುವುದಿಲ್ಲ, ಅಷ್ಟೆ.

ಹೀಗಿರುವಾಗ ಹೊರದೇಶದ ಬಟ್ಟೆ ಕಂಪನಿಗಳು, ಜನರನ್ನು ಹೆದರಿಸಿ ಬಿಡಿಸಿದ ಹತ್ತಿ ನಮಗೆ ಬೇಡ ಎಂದವು. ಹತ್ತಿ ಗೋದಾಮಿನಲ್ಲಿ ಕೊಳೆಯತೊಡಗಿದ್ದೇ ತಡ, ಸರ್ಕಾರದ ಆತ್ಮಸಾಕ್ಷಿ ಮೈಮುರಿದು ಎದ್ದಿತು. ಬಲವಂತದ ದುಡಿಮೆ ತೊಲಗಿಸಲು ಒಂದು ಅಂತಾರಾಷ್ಟ್ರೀಯ ಸಂಸ್ಥೆಯ ಜೊತೆ ಒಪ್ಪಂದವಾಯಿತು. ಮಂತ್ರಿಗಳು ಸಹಿ ಹಾಕಿ ಕೈ ಕುಲುಕಿದ್ದನ್ನು ಟಿವಿಯಲ್ಲಿ ಎಷ್ಟು ಸಲ ತೋರಿಸಿದರೆಂದರೆ, ಆ ಕೈ ನೋಯಲಿಲ್ಲವೇ ಎಂದು ನಮಗೇ ಚಿಂತೆಯಾಯಿತು. ಇನ್ನು ಮುಂದೆ ಯಾರನ್ನೂ ಬಲವಂತ ಮಾಡುವುದಿಲ್ಲವೆಂದು ತಿಳಿಸಲು ನಮ್ಮ ಆಸ್ಪತ್ರೆಯಲ್ಲೂ ಭಾನುವಾರ ಒಂದು ಸಭೆ ಕರೆದರು. ತಪ್ಪಿಸಿಕೊಂಡವರ ಮೇಲೆ ಕ್ರಮ ಎಂದು ಮೊದಲೇ ನೋಟಿಸು ಹಚ್ಚಿದ್ದರು.

ಆ ಸಂಸ್ಥೆಯವರು ಹೊಲಕ್ಕೇ ಬಂದು ಕೆಲಸದವರನ್ನು ಮಾತಾಡಿಸುತ್ತಾರೆ ಎಂಬ ಸುದ್ದಿ ಬಂದ ಮೇಲೆ ನಮಗೆ ತಾಲೀಮು ಶುರುವಾಯಿತು. ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಕಪ್ಪು ಕನ್ನಡಕ ಹಾಕಿಕೊಂಡು ತಾವೇ ಪರದೇಶದವರಾದರು.

"ನೀವು ಇಲ್ಲಿಗೆ ಯಾಕೆ ಬಂದ್ರಿ?" ಎಂದು ಸಿಸ್ಟರಮ್ಮನನ್ನು ಕೇಳಿದರು.

"ನೀವು ಕಳಿಸಿದ್ರಿ, ಬಂದೆ."

ನಾವೆಲ್ಲ ಕಿಸಕ್ಕೆಂದೆವು. ಡಾಕ್ಟರು ಕನ್ನಡಕ ತೆಗೆದರು. "ಸಿಸ್ಟರ್, ತಮಾಷೆ ಸಾಕು. 'ನನ್ನ ಸ್ವಂತ ಇಚ್ಛೆಯಿಂದ ಬಂದಿದ್ದೀನಿ' ಅನ್ನಬೇಕು. ಹೇಳಿ." ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಅವಳಿಂದ ಮತ್ತೆ ಮತ್ತೆ ಹೇಳಿಸಿ, ಬಾಯಿಪಾಠವಾದ ಮೇಲೇ ಬಿಟ್ಟರು.

ನಾವು ಹೊಲಕ್ಕೆ ಹೊರಡುವ ಹಿಂದಿನ ದಿನ ಸಿಸ್ಟರಮ್ಮನ ಅಳಿಯನ ಫೋನು ಬಂತು. ಅವಳಿಗೆ ಇರುವವಳು ಒಬ್ಬಳೇ ಮಗಳು, ಪಕ್ಕದ ಪಟ್ಟಣದಲ್ಲಿದ್ದಾಳೆ. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಈ ಸಲ ದಿನ ತುಂಬಿತ್ತು, ಆದರೆ ಬಿಪಿ ಏರಿ ಕಾಲು ಮುಖ ಊದಿತ್ತು. ಸಿಸ್ಟರಮ್ಮ ಫೋನಿಟ್ಟು ನನ್ನ ಔಷಧಿ ಕಿಟಕಿಯ ಮುಂದೆ ಬಂದು ನಿಂತಳು. ಬೈಯದೆ ಅವಳು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು.

"ಕಾಂಪೌಂಡರಣ್ಣ, ಅಲ್ಲಿನ ನರ್ಸುಗಳೂ ಹತ್ತಿ ಹೊಲದಲ್ಲೇ ಇದ್ದಾರಂತೆ. ಊರವರ ಮಕ್ಕಳನ್ನೆಲ್ಲ ಹುಟ್ಟುವಾಗ ಕೈಯಲ್ಲಿ ಹಿಡಿದವಳು ನಾನು. ನನ್ನ ಮಗಳ ಹತ್ತಿರ ಯಾರಿದ್ದಾರೆ ಹೇಳು?"

ರಜೆ ಕೇಳಲು ಹೋದರೆ ಡಾಕ್ಟರು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಮಾತಾಡಿದರು. "ನಿಮ್ಮನ್ನ ಯಾರು ಹಿಡಿದಿಟ್ಟಿದ್ದಾರೆ ಸಿಸ್ಟರ್? ಧಾರಾಳವಾಗಿ ಹೋಗಿ. ಆದ್ರೆ ವಾಪಸ್ ಬರೋ ತೊಂದರೆ ತಗೋಬೇಡಿ." ಗಂಡ ತೀರಿಕೊಂಡ ಮನೆಯಲ್ಲಿ ಅವಳ ಸಂಬಳವೇ ಒಲೆ ಉರಿಸುತ್ತಿತ್ತು. ಮರುದಿನ ಅವಳೂ ಬಸ್ಸು ಹತ್ತಿದಳು.

ಹತ್ತಿ ಬಿಡಿಸುವುದು ದೂರದಿಂದ ನೋಡಲು ಬಲು ಮೃದುವಾದ ಕೆಲಸ. ಒಣಗಿದ ಕಾಯಿಯ ಸಿಪ್ಪೆ ಸೂಜಿಯಂತೆ ಉಗುರಿನ ಸಂದಿಗೆ ಇಳಿಯುವುದು ಹತ್ತಿರ ಹೋದವರಿಗೇ ಗೊತ್ತು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಿಸ್ಟರಮ್ಮ ನನ್ನ ಪಕ್ಕದ ಸಾಲಿನಲ್ಲಿದ್ದಳು. ಬಿಸಿಲೇರುವ ಹೊತ್ತಿಗೆ ಮಗಳಿಗೆ ನೋವು ಶುರುವಾಗಿದೆ ಎಂದು ಅಳಿಯ ಹೇಳಿಕಳಿಸಿದ. ಅದರ ಹಿಂದೆಯೇ ಧೂಳೆಬ್ಬಿಸುತ್ತ ಕಾರುಗಳು ಬಂದವು. ಸಂಸ್ಥೆಯ ವೀಕ್ಷಕಿ ಹೊಸ ಟೋಪಿ ಹಾಕಿಕೊಂಡು ಇಳಿದಳು. ಮಾತು ತಿಳಿಸಲು ದುಭಾಷಿ, ಹಲ್ಲು ತೋರಿಸಲು ನಮ್ಮ ಡಾಕ್ಟರು ಜೊತೆಗಿದ್ದರು. ಅಷ್ಟು ದೊಡ್ಡ ಹೊಲದಲ್ಲಿ ಆಕೆ ನೆಟ್ಟಗೆ ಬಂದು ನಿಂತದ್ದು ಸಿಸ್ಟರಮ್ಮನ ಮುಂದೆಯೇ.

"ನಿಮ್ಮನ್ನ ಯಾರಾದ್ರೂ ಒತ್ತಾಯದಿಂದ ಕರ್ಕೊಂಡು ಬಂದ್ರಾ ಅಂತ ಕೇಳ್ತಿದ್ದಾರೆ" ಎಂದ ದುಭಾಷಿ.

"ಇಲ್ಲಪ್ಪ. ನನ್ನ ಸ್ವಂತ ಇಚ್ಛೆಯಿಂದ ಬಂದಿದ್ದೀನಿ."

ಪಾಠ ಒಪ್ಪಿಸಿದ್ದು ಚೊಕ್ಕವಾಗಿತ್ತು. ಡಾಕ್ಟರು ಬಿಗಿಹಿಡಿದ ಉಸಿರು ಬಿಟ್ಟರು. ಸಿಸ್ಟರಮ್ಮ ಸೊಂಟದ ಚೀಲ ಬಿಚ್ಚಿ ಅವರ ಕಾಲ ಬಳಿ ಇಟ್ಟಳು.

"ಈಗ ಸ್ವಂತ ಇಚ್ಛೆಯಿಂದ ಹೊರಟೆ. ಮಗಳಿಗೆ ಹೆರಿಗೆ ನೋವು ಬಂದಿದೆ. ಇದನ್ನೂ ಅವರಿಗೆ ಹೇಳಪ್ಪ."

ದುಭಾಷಿ ಹೇಳಿದ. ವೀಕ್ಷಕಿಯ ಮುಖ ಅರಳಿತು. ಶುಭ ಹಾರೈಸಿ, ಇವರು ಹೋಗುವುದು ಹೇಗೆ ಎಂದು ಡಾಕ್ಟರನ್ನು ಕೇಳಿದಳು. ನಮ್ಮ ಡಾಕ್ಟರ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಕಾರಿದೆಯಲ್ಲ! ನನ್ನ ಕಾರಿದೆ!" ಎಂದು ತಾವೇ ಓಡಿ ಬಾಗಿಲು ತೆಗೆದರು. ಸಿಸ್ಟರಮ್ಮ ಹಿಂದಿನ ಸೀಟಿನಲ್ಲಿ ಕೂತು, "ಬಾಗಿಲು ಸರಿಯಾಗಿ ಹಾಕಿ ಡಾಕ್ಟ್ರೇ" ಎಂದಳು. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ವೀಕ್ಷಕಿಯ ಕಾರು ಮರೆಯಾದ ಮೇಲೆ ಡಾಕ್ಟರು ನಮ್ಮ ಕಡೆ ತಿರುಗಿದರು. "ಇನ್ಯಾರಿಗಾದ್ರೂ ಸ್ವಂತ ಇಚ್ಛೆ ಇದೆಯಾ?" ನಾವು ಬಗ್ಗಿ ಹತ್ತಿ ಬಿಡಿಸಿದೆವು.

ಆ ಪಟ್ಟಣದ ವಾರ್ಡಿನಲ್ಲಿ ಕಸ ಗುಡಿಸುವವಳೊಬ್ಬಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಹತ್ತಿ ಸಿಪ್ಪೆ ಗೀರಿದ ಕೈ ತೊಳೆದು ಸಿಸ್ಟರಮ್ಮನೇ ಮೊಮ್ಮಗಳನ್ನು ಹಿಡಿದಳು. ಕೂಸು ಅಳಲಿಲ್ಲವಂತೆ. ಬೆನ್ನಿಗೆ ಅಜ್ಜಿಯ ಏಟು ಬಿದ್ದ ಮೇಲೆ ಬೀದಿಗೇ ಕೇಳುವಂತೆ ಅತ್ತಿತಂತೆ. ಅವಳು ಹೋಗದಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ.

ಕೆಲಸ ಹೋಯಿತೆಂದುಕೊಂಡೇ ಅವಳು ವಾಪಸು ಬಂದಳು. ಡಾಕ್ಟರು ಎದ್ದು ನಿಂತು ಸ್ವಾಗತಿಸಿದರು. ಸಂಸ್ಥೆಯ ವರದಿ ಬಂದಿತ್ತು. ಕೆಲಸದವರು ಮನಸ್ಸು ಬಂದಾಗ ಬರುತ್ತಾರೆ, ಮನಸ್ಸು ಬಂದಾಗ ಹೋಗುತ್ತಾರೆ, ಹೋಗುವವರಿಗೆ ಅಧಿಕಾರಿಗಳೇ ಕಾರು ಕೊಡುತ್ತಾರೆ, ಇದನ್ನು ಕಣ್ಣಾರೆ ಕಂಡಿದ್ದೇವೆ ಎಂದು ಅದರಲ್ಲಿತ್ತು. ಬಲವಂತದ ದುಡಿಮೆ ಮುಗಿಯಿತೆಂದು ಮಂತ್ರಿಗಳು ಮತ್ತೊಮ್ಮೆ ಕೈ ಕುಲುಕಿದರು. ಬಟ್ಟೆ ಕಂಪನಿಗಳು ಹತ್ತಿಗೆ ಮುಗಿಬಿದ್ದವು. ಮುಂದಿನ ವರ್ಷ ಹೊಲಗಳೂ ಹೆಚ್ಚಾದವು, ಬಸ್ಸುಗಳೂ ಹೆಚ್ಚಾದವು. ವಾಸಿಯಾದ ರೋಗಿಯನ್ನು ಮತ್ತೆ ಪರೀಕ್ಷಿಸುವುದೇಕೆಂದು ವೀಕ್ಷಕರು ಬರುವುದನ್ನು ನಿಲ್ಲಿಸಿದರು.

ಆ ವರ್ಷ ನಮ್ಮ ಸಾಲಿನಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿದ್ದಳು. ಮಗುವಿಗೆ ಜ್ವರ ನೆತ್ತಿಗೇರಿದೆ ಎಂದು ಮನೆಯಿಂದ ಸುದ್ದಿ ಬಂದಿತ್ತು. ಅವಳು ಸೊಂಟದ ಚೀಲದ ಗಂಟಿಗೆ ಕೈ ಹಾಕಿ, "ಸಿಸ್ಟರಮ್ಮ, ನೀವು ಹೋದ ಹಾಗೆ ನಾನೂ ಹೋಗ್ಲಾ?" ಎಂದು ಕೇಳಿದಳು.

ಸಿಸ್ಟರಮ್ಮ ತಲೆಯೆತ್ತಿ ರಸ್ತೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಅವಳ ಕಣ್ಣು ತುಂಬಿತ್ತು.

"ಈ ವರ್ಷ ನೋಡೋರು ಯಾರೂ ಬಂದಿಲ್ಲ ಮಗಳೇ" ಎಂದಳು.