ಬಟ್ಟೆ ಬೆಳ್ಳಗೆ ಬಂತಾ

ನಮ್ಮ ರೈಫಲ್ ಕ್ಲಬ್ಬಿನ ಬಂದೂಕುಗಳನ್ನು ನೋಡಿಕೊಳ್ಳುತ್ತಿದ್ದವರು ನಜರ್‌ಬಾದಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಉದ್ದನೆಯ ಸರಳಿಗೆ ಸಿಕ್ಕಿಸಿ ಬಂದೂಕಿನ ನಳಿಗೆ ಒರೆಸಲೆಂದು, ಹಳೇ ಪಂಚೆಯಿಂದ ಕತ್ತರಿಸಿದ ಬಿಳಿ ಚೂರುಗಳು ಅವರ ಜೇಬಿನಲ್ಲಿ ಸದಾ ಇರುತ್ತಿದ್ದವು. ಒಂದು ಕಂಪನಿಯ ಗುಂಡು ಬಿಟ್ಟು ಇನ್ನೊಂದನ್ನು ಹಾಕುವಾಗ ಹಳೆಯ ಗುಂಡಿಗೆ ಸವರಿದ್ದ ಮೇಣ ನಳಿಗೆಯೊಳಗೆ ಉಳಿದಿದ್ದರೆ ಗುರಿ ಚೆದುರುತ್ತದೆ. ಅವರು ‘ಕ್ಲೀನ್ ಮಾಡಿದ್ರಾ’ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ‘ಬಟ್ಟೆ ಬೆಳ್ಳಗೆ ಬಂತಾ ಸಾ?’ ಎಂದೇ ಕೇಳುತ್ತಿದ್ದರು.

ತಂಡದ ಆಯ್ಕೆಯ ದಿನ ನನ್ನನ್ನೂ ಕೇಳಿದರು. ಬೇರೆ ಕಂಪನಿಯ ಗುಂಡಿನ ಡಬ್ಬಿ ಆಗಲೇ ಒಡೆದಿದ್ದೆ, ನಳಿಗೆ ಒರೆಸಿರಲಿಲ್ಲ. ‘ಬಂತು’ ಎಂದೆ.

ಗುಂಡುಗಳು ಗುರಿಕಾಗದದ ತುಂಬ ಹರಡಿಕೊಂಡವು. ಮಲಗಿ ಗುರಿಯಿಟ್ಟಿದ್ದಲ್ಲಿಂದ ಎದ್ದವನೇ ಕಾರ್ಯದರ್ಶಿಯ ಮುಂದೆ, ‘ಇವರು ಸರಳು ಹಾಕಿ ಹಾಕಿ ನಳಿಗೆ ಸವೆಸಿಬಿಟ್ಟಿದ್ದಾರೆ’ ಎಂದೆ. ನನ್ನ ತಂದೆಯ ವಯಸ್ಸಿನವರು ಅವರು.

‘ಕೊಡಿ ಸಾ, ನೋಡಾನ’ ಎಂದು ರೈಫಲ್ ತೆಗೆದುಕೊಂಡು ಸರಳನ್ನು ಒಮ್ಮೆ ತೂರಿಸಿದರು. ಬಟ್ಟೆ ಕಾಡಿಗೆಯ ಹಾಗೆ ಕಪ್ಪಗೆ ಬಂತು. ನಾನು ಅದನ್ನು ನೋಡಿದ್ದನ್ನು ಅವರೂ ನೋಡಿದರು. ಕಾರ್ಯದರ್ಶಿ ಇತ್ತ ತಿರುಗುವಷ್ಟರಲ್ಲಿ ಅದನ್ನು ಮಡಿಸಿ, ಬಿಳಿ ಚೂರುಗಳ ಜೊತೆಗೇ ಜೇಬಿಗಿಟ್ಟುಕೊಂಡರು. ‘ಇರ್ಲಿ ಬುಡಿ ಸಾ, ತಪ್ಪು ನಂದೇ ಇರ್ಬೋದು’ ಎಂದರು.

ನಾನು ಗುರಿಕಾಗದ ಮಡಿಸಿಕೊಂಡು ಹೊರಟುಬಂದೆ.

ಆಮೇಲೂ ಮೂರು ವರ್ಷ ಅಲ್ಲಿಗೆ ಹೋದೆ. ಅಕ್ಕಪಕ್ಕದವರನ್ನೆಲ್ಲ ಅವರು ಎಂದಿನಂತೆ ಕೇಳುತ್ತಿದ್ದರು. ನನ್ನ ಹತ್ತಿರ ಬಂದಾಗ ಮಾತ್ರ ಏನೂ ಕೇಳದೆ, ರೈಫಲ್ ತೆಗೆದುಕೊಂಡು ತಾವೇ ಒರೆಸಿ ಕೊಡುತ್ತಿದ್ದರು.