ಪರದೆಯಾಚೆಯ ಉಸಿರು

ಬೆಳಿಗ್ಗೆ ಆರೂ ನಲವತ್ತಕ್ಕೆ ತಕ್ಕಡಿ ಮೇಷ್ಟ್ರು ಆಸ್ಪತ್ರೆಯ ಹಾಸಿಗೆಯಲ್ಲಿ ಹೊದಿಕೆಯ ಅಂಚು ಹಿಡಿದು ಬೆರಳಾಡಿಸುತ್ತಿದ್ದರು. ಎಡಗೈ ಮೇಲೆ, ಬಲಗೈ ಕೆಳಗೆ. ಕ್ಲಾರಿನೆಟ್ ಹಿಡಿಯುವ ಕ್ರಮ. ಊದುವಷ್ಟು ಉಸಿರು ಅವರಲ್ಲಿ ಉಳಿದಿರಲಿಲ್ಲ.

ವಾದ್ಯವೃಂದಕ್ಕೆ ಕ್ಲಾರಿನೆಟ್ ವಾದಕರನ್ನು ಆರಿಸುವ ಮೂವರಲ್ಲಿ ಅವರೂ ಒಬ್ಬರಾಗಿದ್ದರು. ಅಭ್ಯರ್ಥಿ ಪರದೆಯ ಹಿಂದೆ ಕೂತು ಊದಬೇಕು. ಮುಗಿದ ಕೂಡಲೇ ಮೂವರೂ ನೂರಕ್ಕೆ ಎಷ್ಟೆಂದು ಗಟ್ಟಿಯಾಗಿ ಹೇಳಬೇಕು. ಒಬ್ಬರು ಅರವತ್ತಕ್ಕಿಂತ ಕಡಿಮೆ ಹೇಳಿದರೂ ಅಭ್ಯರ್ಥಿ ಹೊರಗೆ. ಊದುವವರ ಗುರುತು ಹತ್ತಿದರೆ ತೀರ್ಪುಗಾರ ಎದ್ದು ಹೋಗಬೇಕು. ಯಾರ ಮುಲಾಜಿಗೂ ಬೀಳದ ಕಾರಣಕ್ಕೇ ಮೇಷ್ಟ್ರಿಗೆ ಆ ಅಡ್ಡಹೆಸರು. "ಶಾಸ್ತ್ರೀಯ ಕ್ಲಾರಿನೆಟ್‌ನಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?" ಎಂದು ಕೇಳಿದರೆ, "ಮೊದಲು ಪರದೆ ಎಳೀರಿ, ಆಮೇಲೆ ಕೇಳಿ" ಎನ್ನುತ್ತಿದ್ದರು.

ಒಂದು ವರ್ಷ ಮಗಳೂ ಅರ್ಜಿ ಹಾಕಿದ್ದಳು; ಅವರಿಗೆ ಹೇಳಿರಲಿಲ್ಲ. ಆದರೆ ಪರದೆಯಾಚೆಯ ಮೊದಲ ಉಸಿರಿಗೇ ಅವರಿಗೆ ತಿಳಿಯಿತು: ಚಿಕ್ಕಂದಿನಲ್ಲಿ ಮುರಿದ ಹಲ್ಲಿನ ಸಂದಿಯಿಂದ ಬರುವ ಆ ಸಣ್ಣ ಸಿಳ್ಳು. ಎದ್ದು ಹೋದರೆ ಒಳಗಿರುವುದು ಯಾರೆಂದು ಉಳಿದಿಬ್ಬರಿಗೂ ಗೊತ್ತಾಗಿಬಿಡುತ್ತದೆ ಎಂದು ಕೂತೇ ಇದ್ದರು. ಅವಳು ಚೆನ್ನಾಗಿ ಊದಿದಷ್ಟೂ ಅವರಿಗೆ ತಮ್ಮ ಕಿವಿಯ ಮೇಲೇ ಅನುಮಾನ ಹೆಚ್ಚಿತು. ಕೇಳಿದ್ದರಲ್ಲಿ ಮಮತೆಯ ಪಾಲು ಎಷ್ಟಿರಬಹುದೆಂದು ಅಂದಾಜು ಮಾಡಿ, ಅಷ್ಟನ್ನೂ ಕಳೆದು, ಅಂಕ ಹೇಳಿದರು. ಉಳಿದಿಬ್ಬರೂ ಎಂಬತ್ತರ ಮೇಲೆ ಹೇಳಿದ್ದರು. ಪರದೆ ಇದ್ದದ್ದು ಕಣ್ಣಿಗೆ ಮಾತ್ರ. ಅಪ್ಪನ ದನಿ ಮಗಳಿಗೆ ಸ್ಪಷ್ಟವಾಗಿ ಕೇಳಿಸಿತು.

"ನಿಮ್ಮ ನ್ಯಾಯಕ್ಕಿಷ್ಟು ಬೆಂಕಿ ಹಾಕ!" ಎಂದು ಹೆಂಡತಿ ಮನೆಯಲ್ಲಿ ರೇಗಿದರು. ಮಗಳು ವಾದ್ಯವನ್ನು ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಆ ಪೆಟ್ಟಿಗೆ ಮತ್ತೆ ತೆರೆಯಲಿಲ್ಲ.

ಈಗ ಆಸ್ಪತ್ರೆಯಲ್ಲಿ ಹೊತ್ತೇರಿದ ಮೇಲೆ, ಹಿಂದೆ ಅವರ ಪಕ್ಕದಲ್ಲೇ ಕೂರುತ್ತಿದ್ದ ತೀರ್ಪುಗಾರರು ನೋಡಲು ಬಂದರು.

"ಏನಪ್ಪಾ ತಕ್ಕಡಿ, ಈಗಲಾದ್ರೂ ಬಾಯಿ ಬಿಡು. ನೀನು ಕೇಳಿದವರಲ್ಲೆಲ್ಲಾ ಯಾರು ದೊಡ್ಡವರು?"

ಮೇಷ್ಟ್ರ ಬೆರಳು ಹೊದಿಕೆ ಬಿಟ್ಟು ಮೇಲೆದ್ದಿತು. ನೀರಿನ ಲೋಟ ಹಿಡಿದು ನಿಂತಿದ್ದ ಮಗಳನ್ನು ತೋರಿಸಿತು. "ಇವಳು," ಎಂದರು. ಸ್ವಲ್ಪ ಹೊತ್ತು ಏದುಸಿರು ಬಿಟ್ಟು, "ಒಂದೇ ಒಂದು ಸಲ ಊದೇ, ಮಗಾ."

"ತುಟಿಗೆ ಮರೆತೇಹೋಗಿದೆ ಅಪ್ಪ." ಅವಳು ಅವರ ಬಾಯಿಗೆ ನೀರು ಹನಿಸಿ, ಗಲ್ಲ ಒರೆಸಿದಳು. "ಈ ಮಾತು ಪರದೆ ಇದ್ದಾಗ ಹೇಳ್ಬೇಕಿತ್ತು. ಅವತ್ತು ನೀನು ಹೇಳಿದ್ದು ಐವತ್ತೊಂದು."