ಬರುವ ದಾರಿಯನ್ನೂ ಹೇಳಬೇಕು

ಎಂಟರ್ ಒತ್ತುವ ಮೊದಲು ಸಾಲನ್ನು ಜೋರಾಗಿ ಓದಬೇಕು. ಇದು ನನ್ನ ಕಟ್ಟಪ್ಪಣೆ. ಓದದೆ ಒತ್ತಿದವರ ಮೇಲೆ ಹಿಂದೆಯೂ ರೇಗಿದ್ದೇನೆ, ಮುಂದೆಯೂ ರೇಗುತ್ತೇನೆ. ಯಶವಂತಪುರದ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವಳು ನಾನು. ನಮ್ಮ ಕಟ್ಟಡಗಳ ನಡುವೆ ಮಾಹಿತಿ ಯಾವ ದಾರಿ ಹಿಡಿದು ಹೋಗಬೇಕೆಂದು ರೂಟರ್‌ಗಳಿಗೆ ಟೈಪ್ ಮಾಡಿ ಹೇಳುವವಳೂ ನಾನೇ. ಮೌಸ್ ಹಿಡಿದು ಕ್ಲಿಕ್ ಮಾಡುವ ಕೆಲಸವಲ್ಲ ಅದು. ಕಪ್ಪು ಪರದೆ, ಅದರ ಮೇಲೆ ಒಂದೊಂದೇ ಸಾಲು, ತಪ್ಪಿದರೆ ತಪ್ಪು ನಿಮ್ಮದೇ.

ನಮ್ಮ ಕಾಲೇಜಿನ ಇನ್ನೊಂದು ಕಟ್ಟಡ ಯಲಹಂಕದ ಅಟ್ಟೂರಿನಲ್ಲಿದೆ. ಅಲ್ಲಿರುವ ನನ್ನ ಸಹೋದ್ಯೋಗಿ ಯಲಹಂಕದಲ್ಲೇ ಹುಟ್ಟಿ ಬೆಳೆದವರು. "ನೀವು ಮಗ್ಗಿ ಟೀಚರ್ ಆಗ್ಬೇಕಿತ್ತು ಮೇಡಂ" ಎಂದು ಕಾಡಿಸುತ್ತಿದ್ದರು. "ಮಗ್ಗಿ ಬರದವ್ರೇ ಹಿಂಗ ಮಾತಾಡ್ತಾರ್ರಿ" ಎಂದು ನಾನು ನಮ್ಮ ಗದಗಿನ ಮಾತಿನಲ್ಲೇ ತಿರುಗಿಸಿ ಕೊಡುತ್ತಿದ್ದೆ.

ಕಳೆದ ವರ್ಷ ಅಟ್ಟೂರಿನ ಲ್ಯಾಬಿನಲ್ಲಿ ಕೊನೆಯ ವರ್ಷದ ಮಕ್ಕಳಿಗೆ ಕೆಲಸದ ಆಯ್ಕೆಯ ಪರೀಕ್ಷೆ ನಡೆಯುತ್ತಿತ್ತು. ಪ್ರಶ್ನೆಗಳೆಲ್ಲ ಯಶವಂತಪುರದ ನಮ್ಮ ಸರ್ವರ್‌ನಿಂದ ಹೋಗಬೇಕು. ಅರ್ಧ ಗಂಟೆ ಸಂಪರ್ಕ ತಪ್ಪಿದರೆ ಪರೀಕ್ಷೆ ಮುಚ್ಚಿಕೊಳ್ಳುತ್ತದೆ, ಇನ್ನೊಂದು ಅವಕಾಶವಿಲ್ಲ. ಬೆಳಿಗ್ಗೆ ಮಕ್ಕಳು ಬರೆಯುತ್ತಿದ್ದಾಗಲೇ ಹೆಬ್ಬಾಳದ ಹತ್ತಿರ ಯಾರೋ ರಸ್ತೆ ಅಗೆದು ನಮ್ಮ ಕೇಬಲ್ ಕತ್ತರಿಸಿದರು. ಅಟ್ಟೂರಿನ ಪರದೆಗಳೆಲ್ಲ ನಿಂತವು. ಕೇಬಲ್‌ನವರಿಗೆ ಫೋನ್ ಮಾಡಿದರೆ "ಸಂಜೆ ಆಗುತ್ತೆ ಮೇಡಂ" ಎಂದರು. ಸಂಜೆಯಂತೆ, ಸಂಜೆ!

ಸಹೋದ್ಯೋಗಿಗೆ ಫೋನ್ ಹಚ್ಚಿದೆ. ಅವರ ಹಿಂದೆ ಒಬ್ಬಳು ಹುಡುಗಿ "ಸಾರ್, ನಂದು ಹೋಯ್ತಾ?" ಎಂದು ಕೇಳಿದ್ದು ನನಗೂ ಕೇಳಿಸಿತು. ನನಗೆ ಇನ್ನೊಂದು ದಾರಿ ಗೊತ್ತಿತ್ತು. ತಣಿಸಂದ್ರದ ನಮ್ಮ ಹಾಸ್ಟೆಲಿನಿಂದ ಎರಡೂ ಕಡೆಗೆ ಹಳೆಯ ವೈರ್‌ಲೆಸ್ ಸಂಪರ್ಕ ಇತ್ತು. ಹೆಬ್ಬಾಳ ಜಾಮ್ ಆದರೆ ಜನ ಸುತ್ತುಬಳಸಿ ಹೋಗುವುದಿಲ್ಲವೇ, ಹಾಗೆ. ಸತ್ತ ದಾರಿಯನ್ನು ನನ್ನ ರೂಟರ್‌ನಿಂದ ಅಳಿಸಿದೆ. ಅಟ್ಟೂರಿಗೆ ಹೋಗಬೇಕಾದರೆ ತಣಿಸಂದ್ರದ ಮೇಲೆ ಹೋಗು ಎಂದು ಹೊಸ ಸಾಲು ಬರೆದೆ, ಓದಿದೆ, ಒತ್ತಿದೆ. ಅದೇ ಸಾಲನ್ನು ಸಹೋದ್ಯೋಗಿಗೂ ಕಳಿಸಿ, "ನಿಮ್ಮ ಕಡೆಯಿಂದ ಬರೂ ದಾರಿನೂ ಹಿಂಗ ಹಾಕ್ರಿ" ಎಂದೆ.

ಅವರು ಹಾಕಿದರು. ಆದರೂ ಅಟ್ಟೂರಿನ ರೂಟರ್‌ನಿಂದ ನನ್ನ ಪರದೆಗೆ ಉತ್ತರ ಬರಲಿಲ್ಲ. ಇಲ್ಲಿಂದ ಹೋದದ್ದು ಹೋಯಿತು, ಅಲ್ಲಿಂದ ಏನೂ ತಿರುಗಿ ಬರುತ್ತಿಲ್ಲ.

"ಏನ್ ಹಾಕೀರಿ, ಓದ್ರಿ."

"ಟೈಮಿಲ್ಲ ಮೇಡಂ, ಸರಿಯಾಗೇ ಹಾಕಿದೀನಿ ಕಣ್ರೀ!"

"ಓದ್ರೀ ಅಂದ್ರ!"

ಓದಿದರು. ನಾನು ಹಣೆ ಚಚ್ಚಿಕೊಂಡೆ. ನನ್ನ ಸಾಲನ್ನೇ ಇದ್ದದ್ದು ಇದ್ದ ಹಾಗೆ ನಕಲು ಹೊಡೆದಿದ್ದರು. ಅಟ್ಟೂರಿನ ರೂಟರ್‌ಗೆ ಅಟ್ಟೂರಿನ ದಾರಿ ಹೇಳಿದ್ದರು. ಯಶವಂತಪುರಕ್ಕೆ ತಿರುಗಿ ಬರುವ ದಾರಿ ಇನ್ನೂ ಸತ್ತ ಕೇಬಲಿನ ಕಡೆಗೇ ಇತ್ತು.

"ಮನ್ಯಾಗ ಕುಂತು ಮನಿಗೆ ಹೋಗೂ ದಾರಿ ಕೇಳಾಕತ್ತೀರೇನ್ರಿ?"

"ಅಯ್ಯೋ! ಹೇಳಿ ಮೇಡಂ, ಹೇಳಿ, ಟೈಪ್ ಮಾಡ್ತೀನಿ."

ನಾನು ಯಶವಂತಪುರದ ವಿಳಾಸದ ಒಂದೊಂದೇ ಅಂಕಿ ಹೇಳಿದೆ. ಅವರು ಟೈಪ್ ಮಾಡಿದರು, ಈ ಸಲ ನಾನು ಕೇಳುವ ಮೊದಲೇ ಜೋರಾಗಿ ಓದಿದರು, ಒತ್ತಿದರು. ನನ್ನ ಕಪ್ಪು ಪರದೆಯ ಮೇಲೆ ಉತ್ತರಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಫೋನಿನಲ್ಲಿ ಮಕ್ಕಳು ಹೋ ಎಂದು ಕೂಗಿದ್ದು ಕೇಳಿತು. ಅರ್ಧ ಗಂಟೆ ಇನ್ನೂ ಮುಗಿದಿರಲಿಲ್ಲ. ಹೆಮ್ಮೆಯಾಯಿತು, ಅದನ್ನೇಕೆ ಮುಚ್ಚಿಡಲಿ? ನನ್ನ ಬೆರಳುಗಳಿಗೆ ನಾನೇ ಮುತ್ತು ಕೊಡಬೇಕೆನ್ನಿಸಿತು.

ಅಷ್ಟರಲ್ಲಿ ಲ್ಯಾಬಿಗೆ ಬಂದಿದ್ದ ಪ್ರಾಂಶುಪಾಲರು ಮೈಕ್ ಹಿಡಿದು ಮಾತಾಡಿದ್ದು ಫೋನಿನಲ್ಲಿ ಕೇಳಿಸಿತು. "ಯಾರೂ ಗಾಬರಿ ಆಗ್ಬೇಡಿ. ಸಣ್ಣ ತೊಂದ್ರೆ, ತಾನಾಗೇ ಸರಿಹೋಯ್ತು."

ನನ್ನ ಮೈ ಉರಿಯಿತು. "ಫೋನ್ ಆ ಮೈಕಿಗೆ ಹಿಡೀರಿ" ಎಂದು ಸಹೋದ್ಯೋಗಿಗೆ ಹೇಳಿದೆ.

"ಮೇಡಂ, ಬೇಡ ಬಿಡಿ..."

"ಹಿಡೀತೀರೋ, ಇಲ್ಲಾ ನಾನೇ ಅಲ್ಲಿಗೆ ಬರ್ಲೋ?"

ಹಿಡಿದರು.

"ತಾನಾಗೇ ಏನೂ ಸರಿಹೋಗಿಲ್ಲ ಮಕ್ಕಳ್ರಾ. ನಾವಿಬ್ರು ಕುಂತು ಸರಿ ಮಾಡೇವಿ. ಪರೀಕ್ಷಾ ಮುಗಿಯೂತನಕ ನಾ ಇಲ್ಲಿಂದ ಏಳಂಗಿಲ್ಲ. ಯಾರದೂ ಹೋಗಿಲ್ಲ. ಬರೀರಿ."